ಹನೋಯಿಯಲ್ಲಿ ಬಿಡುವಿನ ಎರಡು ದಿನ

ಈ ಸಲದ ಅಂಚೆಯಲ್ಲಿ ವಿಯೆಟ್ನಾಂ ಪತ್ರಗಳೇ ಹೆಚ್ಚು. ಕೊನೆಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಮಲೆನಾಡಿನವರು ಗುಂಪು ಕಟ್ಟಿಕೊಂಡು ಈಗ ಕಾಶಿ, ರಾಮೇಶ್ವರದಾಚೆಗೂ ಹೊರಡುತ್ತಿದ್ದಾರೆ. ಪತ್ರ ಬರೆದ ಬಹುತೇಕರ ಪ್ರವಾಸ ಹನೋಯಿಯಲ್ಲೇ ಮುಗಿಯುವುದರಿಂದ ಎಲ್ಲರಿಗೂ ಇಲ್ಲೇ ಉತ್ತರಿಸುತ್ತಿದ್ದೇನೆ.

ಅಕ್ಕಾ, ನಮಸ್ಕಾರ. ನಮ್ಮ ಸುತ್ತಿನ ಊರುಗಳ ಇಪ್ಪತ್ತಾರು ಜನ ಮಾರ್ಚ್‌ನಲ್ಲಿ ವಿಯೆಟ್ನಾಂಗೆ ಹೊರಟಿದ್ದೇವೆ. ಹೋ ಚಿ ಮಿನ್ ನಗರ, ದನಾಂಗ್, ಹಾಲಾಂಗ್ ಕೊಲ್ಲಿ ಆದ ಮೇಲೆ ಕೊನೆಯ ಎರಡು ದಿನ ಹನೋಯಿ. ಆ ಎರಡು ದಿನಗಳ ಎದುರಿಗೆ ಕಾರ್ಯಕ್ರಮದ ಹಾಳೆಯಲ್ಲಿ ‘ಬಿಡುವು’ ಎಂದಷ್ಟೇ ಇದೆ. ಕೆಲವರು ನಿನ್ ಬಿನ್‌ಗೆ ಹೋಗೋಣ ಅಂತಾರೆ, ಕೆಲವರಿಗೆ ಅಂಗಡಿ ಬೇಕು. ನನ್ನ ಹೆಂಡತಿಗೆ ಮಂಡಿನೋವು. ತಲೆಗಿಷ್ಟು ಅಂತ ಕೊಟ್ಟರೆ ಬಸ್ ಮಾಡಿಸಿ ಊರು ತೋರಿಸ್ತೀವಿ ಅಂತ ಏಜೆಂಟರು ಹೇಳಿದ್ದಾರೆ. ಏನು ಮಾಡೋದು?
— ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಮೊದಲು ಬಸ್ಸಿನ ಮಾತು. ಬೇಡ. ನಾನು ಜೊತೆಗೆ ಹೋಗಿದ್ದ ಗುಂಪೊಂದು ಹೀಗೇ ದುಡ್ಡು ಕೊಟ್ಟು ಬಸ್ ಹತ್ತಿತು. ಮುತ್ತಿನ ಅಂಗಡಿ, ಹಾಸಿಗೆ ಅಂಗಡಿ, ಬಿದಿರು ನಾರಿನ ಬಟ್ಟೆಯ ಅಂಗಡಿ ಅಂತ ಮಧ್ಯಾಹ್ನದವರೆಗೆ ಸುತ್ತಿಸಿ, ಊಟ ಹಾಕಿಸಿ, ಕೆರೆಯ ಪಕ್ಕ ಕಾಲು ಗಂಟೆ ನಿಲ್ಲಿಸಿ ಹೋಟೆಲಿಗೆ ತಂದು ಬಿಟ್ಟರು. ಲೀ ವಂಶದ ದೊರೆ 1010ರಲ್ಲಿ ರಾಜಧಾನಿ ಮಾಡಿಕೊಂಡ ಊರದು. ಅಷ್ಟು ದೂರ ಹೋಗಿ ಅದನ್ನು ಅಂಗಡಿಯ ಗಾಜಿನೊಳಗಿಂದ ನೋಡಿ ಬರುವುದು ನನಗೆ ನಿಜಕ್ಕೂ ಸಂಕಟ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಎರಡನೆಯದು, ಇಪ್ಪತ್ತಾರು ಜನವೂ ಒಟ್ಟಿಗೇ ಇರಬೇಕೆಂಬ ಹಟ ಬಿಡಿ. ಹನೋಯಿ ತಲುಪುವಷ್ಟರಲ್ಲಿ ದಿನಾ ಬೆಳಗ್ಗೆ ಆರಕ್ಕೆ ಎದ್ದು ಪೆಟ್ಟಿಗೆ ಕಟ್ಟಿ ಎಲ್ಲರೂ ಸುಸ್ತಾಗಿರುತ್ತೀರಿ. ಒಬ್ಬರಿಗಾಗಿ ಇಪ್ಪತ್ತೈದು ಜನ ಕಾಯುವುದು, ಆ ಒಬ್ಬರು ಮುಜುಗರ ಪಡುವುದು, ಇದೆಲ್ಲ ಪ್ರವಾಸದ ಕೊನೆಯಲ್ಲೇ ಹೆಚ್ಚು. ನಾಲ್ಕೈದು ಜನರ ತಂಡ ಮಾಡಿಕೊಳ್ಳಿ. ತಂಡಕ್ಕೊಂದು ಇಂಟರ್ನೆಟ್ ಇರುವ ಮೊಬೈಲ್, ಪ್ರತಿಯೊಬ್ಬರ ಜೇಬಲ್ಲೂ ಹೋಟೆಲಿನ ವಿಳಾಸದ ಕಾರ್ಡು, ರಾತ್ರಿ ಊಟಕ್ಕೆ ಎಲ್ಲರೂ ಒಂದು ಕಡೆ. ಇಷ್ಟಿದ್ದರೆ ಸಾಕು. ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆದರೆ ಬಾಡಿಗೆ ಮೊದಲೇ ಕಾಣುತ್ತದೆ, ಚೌಕಾಸಿ ಇಲ್ಲ, ಭಾಷೆಯ ತೊಂದರೆಯೂ ಇಲ್ಲ.

ನಿನ್ ಬಿನ್‌ಗೆ ಹೋಗಬೇಕೆನ್ನುವವರು ಮೊದಲನೇ ದಿನವೇ ಹೋಗಲಿ. ಹನೋಯಿಯಿಂದ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರ್. ಚಾಂಗ್ ಆನ್‌ನಲ್ಲಿ ಸುಣ್ಣಕಲ್ಲಿನ ಗುಡ್ಡಗಳ ನಡುವೆ, ಗುಹೆಗಳ ಒಳಗೆ ದೋಣಿ ಹೋಗುತ್ತದೆ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಚೆನ್ನಾಗಿದೆ, ಆದರೆ ದೋಣಿಯಲ್ಲಿ ಎರಡು ಮೂರು ಗಂಟೆ ಕಾಲು ಮಡಚಿ ಕೂರಬೇಕು. ಹಾಲಾಂಗ್‌ನ ಗುಡ್ಡಗಳನ್ನು ಆಗಲೇ ನೋಡಿ ಬಂದ ನಿಮ್ಮ ಮನೆಯವರಿಗೆ ಅದು ಬೇಕಾಗಿಲ್ಲ. ವಿಮಾನ ಹತ್ತುವ ದಿನವಂತೂ ಯಾರೂ ಊರು ಬಿಟ್ಟು ಹೋಗಬಾರದು.

ಈಗ ನಿಮ್ಮಿಬ್ಬರಿಗೆ. ಮೊದಲ ದಿನ ಬೆಳಗ್ಗೆ ಆರಕ್ಕೆ ಮುಂಚೆ ಹೋಆನ್ ಕೀಮ್ ಕೆರೆಗೆ ಹೋಗಿ. ಹಳೇ ಪೇಟೆಯಲ್ಲಿ ಹೋಟೆಲಿದ್ದರೆ ನಡೆದೇ ಹೋಗಬಹುದು. ಆ ಹೊತ್ತಿಗೆ ಅಲ್ಲಿ ಪ್ರವಾಸಿಗರಿಲ್ಲ, ಊರಿನವರೇ. ಅಜ್ಜಿಯಂದಿರು ಸಾಲಾಗಿ ನಿಂತು ಕೆಂಪು ಬೀಸಣಿಗೆ ಬಿಚ್ಚಿ ಮಡಚಿ ವ್ಯಾಯಾಮ ಮಾಡುತ್ತಾರೆ, ಕಾಲುದಾರಿಯಲ್ಲೇ ಬಲೆ ಕಟ್ಟಿ ಶಟಲ್ ಆಡುತ್ತಾರೆ. ಕೆರೆಯ ಸುತ್ತ ಕಲ್ಲುಬೆಂಚುಗಳಿವೆ, ಮಂಡಿನೋವಿನವರು ನಾಲ್ಕು ಹೆಜ್ಜೆಗೊಮ್ಮೆ ಕೂರಬಹುದು. ಕೆಂಪು ಮರದ ಸೇತುವೆ ದಾಟಿದರೆ ಎನ್‌ಗಾಕ್ ಸನ್ ದೇವಾಲಯ. ದೊರೆ ಲೆ ಲೋಯ್ ಯುದ್ಧ ಗೆದ್ದ ಮೇಲೆ ದೇವರ ಕತ್ತಿಯನ್ನು ಈ ಕೆರೆಯ ಆಮೆ ವಾಪಸ್ ತೆಗೆದುಕೊಂಡಿತಂತೆ, ಕೆರೆಯ ಹೆಸರಿಗೆ ಆ ಕಥೆಯೇ ಮೂಲ. ಕೆರೆಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಆಮೆ 2016ರ ಜನವರಿಯಲ್ಲಿ ಸತ್ತಾಗ ಊರಿಗೆ ಊರೇ ಮರುಗಿತು. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಕೆರೆಯ ಸುತ್ತಲ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ನಿಮ್ಮ ದಿನಗಳು ವಾರದ ಕೊನೆಗೆ ಬಿದ್ದರೆ ಅದೃಷ್ಟ.

ಅಲ್ಲಿಂದ ಬಂದು ತಿಂಡಿ, ವಿಶ್ರಾಂತಿ. ಸಂಜೆ ಒಂದೇ ಒಂದು ಜಾಗ: ಪಶ್ಚಿಮದ ದೊಡ್ಡ ಕೆರೆಯ ದಡದ ಚಾನ್ ಕ್ವಾಕ್ ಪಗೋಡ. ಆರನೇ ಶತಮಾನದಲ್ಲಿ ಶುರುವಾಗಿ, 1615ರಲ್ಲಿ ಈಗಿನ ಜಾಗಕ್ಕೆ ಬಂದದ್ದು. ಅದರ ಅಂಗಳದಲ್ಲಿ ಒಂದು ಅರಳಿಮರ ಇದೆ. ನಮ್ಮ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು 1959ರಲ್ಲಿ ಹನೋಯಿಗೆ ಹೋದಾಗ ಕೊಟ್ಟ ಬೋಧಿವೃಕ್ಷದ ಸಸಿ ಬೆಳೆದು ಆದ ಮರ ಅದು. ಹೆಂಗಸರು ಸುತ್ತು ಬಂದು ಕೈಮುಗಿದರೆ ಅಲ್ಲಿಯವರು ಆಶ್ಚರ್ಯ ಪಡುವುದಿಲ್ಲ, ಅವರೂ ಊದುಬತ್ತಿ ಹಚ್ಚುತ್ತಾರೆ.

ಹೋ ಚಿ ಮಿನ್ ಸಮಾಧಿ ನೋಡಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಬೆಳಗಿನ ಹೊತ್ತು ಮಾತ್ರ ತೆರೆದಿರುತ್ತದೆ. ಸೋಮವಾರ, ಶುಕ್ರವಾರ ಇಲ್ಲ. ವರ್ಷಕ್ಕೊಮ್ಮೆ ನಿರ್ವಹಣೆಗೆಂದು ವಾರಗಟ್ಟಲೆ ಮುಚ್ಚುತ್ತಾರೆ. ಉದ್ದನೆಯ ಸಾಲು, ನಿಲ್ಲದೆ ನಡೆಯಬೇಕು, ತೋಳು ಮಂಡಿ ಮುಚ್ಚುವ ಬಟ್ಟೆ ಬೇಕು. ಗಟ್ಟಿ ಕಾಲಿನವರು ಹೋಗಿ ಬರಲಿ.

ಎರಡನೇ ದಿನ, ಅದು ಸೋಮವಾರವಲ್ಲದಿದ್ದರೆ, ಜನಾಂಗಗಳ ಮ್ಯೂಸಿಯಂಗೆ ಹೋಗಿ. ಹಳೇ ಪೇಟೆಯಿಂದ ಎಂಟು ಕಿಲೋಮೀಟರ್ ಹತ್ತಿರ, ಕಾರಿನಲ್ಲಿ ಅರ್ಧ ಗಂಟೆ. ಬೇರೆ ಬೇರೆ ಬುಡಕಟ್ಟುಗಳ ನಿಜವಾದ ಮನೆಗಳನ್ನು ಹಿಂದಿನ ತೋಟದಲ್ಲಿ ಎಬ್ಬಿಸಿದ್ದಾರೆ. ಎಡೆ ಜನರ ಉದ್ದನೆ ಮನೆಗೆ ಏಣಿ ಹತ್ತಿ ಹೋಗಬೇಕು. ಬಹ್ನಾರ್ ಜನರ ಊರಮನೆಯ ಹುಲ್ಲಿನ ಮಾಡು ಎಷ್ಟು ಎತ್ತರ ಅಂದರೆ ತಲೆ ಎತ್ತಿದರೆ ಟೋಪಿ ಬೀಳುತ್ತದೆ. ಆದರೆ ನಿಮಗೆ ನಾನು ತೋರಿಸಬೇಕೆಂದಿರುವುದು ವಿಯೆಟ್ ಜನರ ಮನೆ. ಕಂಬ, ತೊಲೆ, ಕೆತ್ತನೆ, ನಡುವೆ ದೇವರ ಪೀಠ, ಎದುರಿಗೆ ಅಂಗಳ. ನಮ್ಮ ಹಳೇ ಮನೆಗಳಲ್ಲಿ ಬೆಳೆದವರು ಅಲ್ಲಿ ಹೊಸ್ತಿಲ ಮೇಲೆ ಕೂತರೆ ಏಳುವುದಿಲ್ಲ. ‘ಮನೆ ಮುಂದೆ ಅಡಿಕೆ, ಹಿಂದೆ ಬಾಳೆ’ ಅಂತ ಅವರಲ್ಲೊಂದು ಮಾತಿದೆ.

ಹೌದು, ಅಡಿಕೆ. ನೀವು ಬೆಳೆಗಾರರು ಅಂತ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಹಳೇ ಪೇಟೆಯ ಸಂತೆಗಳಲ್ಲಿ ಹೂವು, ಊದುಬತ್ತಿ ಮಾರುವವರ ಹತ್ತಿರ ಬುಟ್ಟಿಯಲ್ಲಿ ನೋಡಿ, ಹಸಿರು ಎಳೆ ಅಡಿಕೆ ತೊಟ್ಟಿನ ಸಮೇತ ಇರುತ್ತದೆ, ಪಕ್ಕದಲ್ಲಿ ವೀಳ್ಯದೆಲೆ. ಅವರು ನಮ್ಮ ಹಾಗೆ ಬೇಯಿಸಿ ಚೊಗರು ಹಾಕಿ ಒಣಗಿಸುವುದಿಲ್ಲ. ಸಿಪ್ಪೆ ಕೆತ್ತಿ ಹಸಿಯದನ್ನೇ ಸೀಳುತ್ತಾರೆ, ಒಳಗಿನ ತಿರುಳು ಬೆಳ್ಳಗೆ, ಮೆತ್ತಗೆ. ಎಲೆಗೆ ಸುಣ್ಣ ಸವರಿ ಸುರುಳಿ ಸುತ್ತಿ ಅಡಿಕೆಯ ಜೊತೆ ಬಾಯಿಗೆ. ಈಗ ತಿನ್ನುವವರು ಹಳ್ಳಿಯ ಮುದುಕಿಯರು ಮಾತ್ರ ಅನ್ನಿ. ಆದರೆ ಮದುವೆ ಮಾತಿಗೆ ಗಂಡಿನ ಕಡೆಯವರು ಹೊತ್ತು ತರುವ ತಟ್ಟೆಗಳಲ್ಲಿ ಇಡೀ ಅಡಿಕೆ ಗೊನೆ ಇಂದಿಗೂ ಇರಲೇಬೇಕು, ಹುಣ್ಣಿಮೆ ದಿನ ಹಿರಿಯರ ಪೀಠಕ್ಕೂ ಎಲೆ ಅಡಿಕೆ ಇಡುತ್ತಾರೆ. ಇದಕ್ಕೊಂದು ಕಥೆ: ಒಂದೇ ಮುಖದ ಅಣ್ಣ ತಮ್ಮ. ಅಣ್ಣನಿಗೆ ಮದುವೆಯಾದ ಮೇಲೆ ಮನೆಯಲ್ಲಿ ತಾನು ಒಂಟಿ ಅನ್ನಿಸಿ ತಮ್ಮ ಹೊರಟುಹೋದ, ಹೊಳೆ ದಡದಲ್ಲಿ ಸತ್ತು ಸುಣ್ಣಕಲ್ಲಾದ. ಹುಡುಕಿಕೊಂಡು ಬಂದ ಅಣ್ಣ ಆ ಕಲ್ಲಿನ ಪಕ್ಕ ಅಡಿಕೆ ಮರವಾದ. ಅವನನ್ನು ಹುಡುಕಿ ಬಂದ ಹೆಂಡತಿ ಮರವನ್ನು ತಬ್ಬಿದ ವೀಳ್ಯದ ಬಳ್ಳಿಯಾದಳು. ತೋಟದಲ್ಲಿ ಅಡಿಕೆ ಮರಕ್ಕೆ ಎಲೆಬಳ್ಳಿ ಹಬ್ಬಿಸುವ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಳಕಳಿಯ ಮಾತು. ಬೀಜಕ್ಕಾಗುತ್ತದೆ ಅಂತ ಒಂದು ಹಣ್ಣಡಿಕೆಯನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ, ಬಳ್ಳಿಯ ತುಂಡನ್ನೂ. ಪರವಾನಗಿ ಇಲ್ಲದೆ ಬೀಜ, ಸಸಿ ತರುವುದಕ್ಕೆ ನಮ್ಮ ಕಾನೂನು ಬಿಡುವುದಿಲ್ಲ. ಕಾನೂನು ಹಾಗಿರಲಿ, ಎಲೆಚುಕ್ಕೆ ರೋಗದಿಂದ ನಮ್ಮ ತೋಟಗಳು ಯಾವ ಸ್ಥಿತಿಗೆ ಬಂದಿವೆ ಅಂತ ನಿಮಗೆ ಗೊತ್ತು. ಹೊರಗಿನ ಇನ್ನೊಂದು ರೋಗ ನಮ್ಮವರ ಕೈಯಿಂದಲೇ ಬರುವುದು ಬೇಡ.

ನಮ್ಮ ಪ್ರವಾಸದಲ್ಲಿ ಅಡುಗೆಯವರು ಜೊತೆಗೇ ಬರುತ್ತಾರೆ. ಆದರೆ ಕೊನೆಯ ಎರಡು ದಿನ ಅಡುಗೆ ಇಲ್ಲ, ಅವರವರ ಊಟ ಅವರವರದ್ದು ಅಂದಿದ್ದಾರೆ. ಅತ್ತೆಗೆ ಎಪ್ಪತ್ತೊಂದು, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವವರಲ್ಲ. ಕರೆದುಕೊಂಡು ಹೋಗುವುದೇ ಬೇಡವೇ?
— ಗೃಹಿಣಿ, ಸಾಗರ

ಖಂಡಿತ ಕರೆದುಕೊಂಡು ಹೋಗಿ. ಅಲ್ಲಿ ಸಸ್ಯಾಹಾರಕ್ಕೆ ‘ಚಾಯ್’ ಅನ್ನುತ್ತಾರೆ, ನಮ್ಮ ಟೀ ಅಲ್ಲ. ಅಂಗಡಿ ಬೋರ್ಡಿನ ಮೇಲೆ ಆ ಪದ ಇದ್ದರೆ ಅದು ಬೌದ್ಧರ ಸಸ್ಯಾಹಾರಿ ಊಟದ ಮನೆ. ವಿಯೆಟ್ನಾಂನ ಬಹಳ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಮಾಂಸ ಮುಟ್ಟುವುದಿಲ್ಲ. ಆದ್ದರಿಂದ ಇಂಥ ಊಟದ ಮನೆಗಳು ಹನೋಯಿಯಲ್ಲಿ ಕಮ್ಮಿಯೇನಿಲ್ಲ. ಬೌದ್ಧ ಮಠದ ಪದ್ಧತಿ ಕಟ್ಟುನಿಟ್ಟಾಗಿ ಪಾಲಿಸುವ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಆದರೂ ಪ್ರತಿ ಸಲ ಕೇಳಿಯೇ ಕೂರಿ. ತಟ್ಟೆಯಲ್ಲಿ ಮೀನು, ಕೋಳಿಯ ಆಕಾರದ್ದು ಕಂಡರೆ ಅತ್ತೆ ಗಾಬರಿಯಾಗಬಹುದು. ಸೋಯಾದಲ್ಲಿ, ಗೋಧಿಯಲ್ಲಿ ಹಾಗೆ ಮಾಡುತ್ತಾರೆ ಅಂತ ಅವರಿಗೆ ಮೊದಲೇ ಹೇಳಿಡಿ.

ಸಾಮಾನ್ಯ ಹೋಟೆಲುಗಳಲ್ಲಿ ಮಾತ್ರ ಎಚ್ಚರ. ಬರೀ ಸೊಪ್ಪು, ತರಕಾರಿ ಅಂತ ಕೊಟ್ಟದ್ದರಲ್ಲೂ ಮೀನಿನ ರಸ ಬಿದ್ದಿರುತ್ತದೆ. ನಮ್ಮಲ್ಲಿ ಉಪ್ಪು ಹಾಕಿದಷ್ಟು ಸಹಜವಾಗಿ ಅವರು ಅದನ್ನು ಹಾಕುತ್ತಾರೆ, ಅದು ಮಾಂಸ ಅನ್ನುವ ಲೆಕ್ಕವೇ ಅವರಿಗಿಲ್ಲ. ಫೋ ಅನ್ನುವ ಅಕ್ಕಿ ಶ್ಯಾವಿಗೆಯ ಸಾರಿನದ್ದೂ ಇದೇ ಕಥೆ, ಮೇಲೆ ಮಾಂಸ ಇಲ್ಲದಿದ್ದರೂ ಸಾರು ಮೂಳೆ ಕುದಿಸಿದ್ದು. ಹೋಟೆಲಿನ ಕೌಂಟರಿನವರ ಹತ್ತಿರ ‘ಮಾಂಸ, ಮೀನು, ಮೊಟ್ಟೆ, ಮೀನಿನ ರಸ, ಈರುಳ್ಳಿ, ಬೆಳ್ಳುಳ್ಳಿ ಬೇಡ’ ಅಂತ ಅವರ ಭಾಷೆಯಲ್ಲಿ ಬರೆಸಿ ಚೀಟಿ ಇಟ್ಟುಕೊಳ್ಳಿ. ಅದೊಂದು ಚೀಟಿ ಎರಡು ದಿನ ಕಾಯುತ್ತದೆ.

ಉಳಿದಂತೆ ಹಣ್ಣು ಧಾರಾಳ ಸಿಗುತ್ತದೆ. ಅವಲಕ್ಕಿ, ಮೆಣಸಿನಪುಡಿ, ಒಂದು ಸಣ್ಣ ಬಾಟಲಿ ಅಪ್ಪೆಮಿಡಿ ಮನೆಯಿಂದ ಇರಲಿ. ಉಪ್ಪಿನಕಾಯಿ ಬಾಟಲಿ ದೊಡ್ಡ ಪೆಟ್ಟಿಗೆಯಲ್ಲಿ, ಎರಡು ಪ್ಲಾಸ್ಟಿಕ್ ಸುತ್ತಿ. ಅತ್ತೆಯ ಮಾತ್ರೆಗಳು ಕೈಚೀಲದಲ್ಲೇ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಮಾತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಪಿಯುಸಿ ಓದುವ ಮಗಳು ನಮ್ಮ ಜೊತೆ ಬರುತ್ತಿದ್ದಾಳೆ. ದೊಡ್ಡವರ ಗುಂಪಿನಲ್ಲಿ ಅವಳಿಗೆ ಬೇಜಾರು. ಹನೋಯಿಯಲ್ಲಿ ಮನೆಗಳ ನಡುವೆ ರೈಲು ಹೋಗುವ ಬೀದಿ ನೋಡಲೇಬೇಕಂತೆ.
— ಶಿಕಾರಿಪುರದ ಓದುಗರು

ರೈಲಿನ ಬೀದಿಯನ್ನು ಅಲ್ಲಿನ ಆಡಳಿತದವರೇ ಅಪಾಯ ಅಂತ ಮತ್ತೆ ಮತ್ತೆ ಮುಚ್ಚಿಸಿದ್ದಾರೆ. ಹಳಿಯ ಮೇಲೆ ನಿಂತು ಫೋಟೊ ತೆಗೆಯುವಾಗ ರೈಲು ಬಂದರೆ ಸರಿದುಕೊಳ್ಳಲು ಗೋಡೆಯಷ್ಟೇ ಇದೆ. ಬದಲಿಗೆ ಲಾಂಗ್ ಬಿಯೆನ್ ಸೇತುವೆಗೆ ಕರೆದುಕೊಂಡು ಹೋಗಿ. ಫ್ರೆಂಚರು 1899ರಲ್ಲಿ ಶುರುಮಾಡಿ ಕಟ್ಟಿದ ಕಬ್ಬಿಣದ ಸೇತುವೆ, ಅಮೆರಿಕದ ಬಾಂಬು ಬಿದ್ದು ಮುರಿದು ಮತ್ತೆ ಮತ್ತೆ ಜೋಡಿಸಿಕೊಂಡದ್ದು. ನಡುವೆ ರೈಲು, ಪಕ್ಕದಲ್ಲಿ ಸೈಕಲ್ ಬೈಕು, ಅಂಚಿನಲ್ಲಿ ನಡೆಯುವ ದಾರಿ, ಕೆಳಗೆ ಕೆಂಪು ನದಿ ಮತ್ತು ನಡುಗಡ್ಡೆಯ ತೋಟಗಳು. ರೈಲನ್ನು ಕಂಬಿಯ ಈಚೆಯಿಂದ ನೋಡಬಹುದು.

ಓದುವ ಹುಡುಗಿಗೆ ನಾನು ತೋರಿಸುವುದು ವಾನ್ ಮಿಯೆವ್, ಅಂದರೆ ವಿದ್ಯಾದೇಗುಲ. 1070ರಲ್ಲಿ ಕನ್ಫ್ಯೂಷಿಯಸ್‌ನ ಹೆಸರಲ್ಲಿ ಕಟ್ಟಿದ್ದು, 1076ರಲ್ಲಿ ಅಲ್ಲೇ ರಾಜ್ಯದ ಮೊದಲ ದೊಡ್ಡ ವಿದ್ಯಾಶಾಲೆ ಶುರುವಾಯಿತು. ಐದು ಅಂಗಳ ದಾಟಿ ಹೋಗಬೇಕು. ಮೂರನೇ ಅಂಗಳದಲ್ಲಿ 82 ಕಲ್ಲುಗಳು, ಒಂದೊಂದೂ ಕಲ್ಲಿನ ಆಮೆಯ ಬೆನ್ನ ಮೇಲೆ ನಿಂತಿವೆ. ರಾಜ್ಯದ ಪರೀಕ್ಷೆಗಳಲ್ಲಿ ಪಾಸಾದ ಪಂಡಿತರ ಹೆಸರು, ಊರುಗಳನ್ನು ಅವುಗಳ ಮೇಲೆ ಕೆತ್ತಿಸಿದ್ದಾರೆ. ಮುಟ್ಟಿದರೆ ಪರೀಕ್ಷೆ ಪಾಸಾಗುತ್ತದೆ ಅಂತ ಮಕ್ಕಳು ಸವರಿ ಸವರಿ ಆಮೆಗಳ ತಲೆ ನುಣ್ಣಗಾಗಿದೆ. ಈಗ ಬೇಲಿ ಹಾಕಿದ್ದಾರೆ. ಹೊರಡುವ ಮುಂಚೆ ಮಗಳನ್ನು ನಿಮ್ಮ ತಾಲ್ಲೂಕಿನ ತಾಳಗುಂದಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಮಯೂರಶರ್ಮ ಓದಲಿಕ್ಕೆ ಕಾಂಚಿಯ ಘಟಿಕೆಗೆ ಹೋದನೆಂದು ಹೇಳುವ ಕಂಬ ಪ್ರಣವೇಶ್ವರ ದೇವಾಲಯದ ಎದುರಿಗೇ ನಿಂತಿದೆ. ಓದಿದವರ ವಿಷಯ ಕಲ್ಲಿನಲ್ಲಿ ಕಡೆದ ಎರಡು ಊರು ನೋಡಿದ ಹುಡುಗಿ ಆಗುತ್ತಾಳೆ. ನಲವತ್ತು ಮಕ್ಕಳ ಮುಂದೆ ಭೂಗೋಳ ಪಾಠ ಮಾಡುತ್ತಾ ಬಂದವಳು ನಾನು, ಇಂಥದ್ದನ್ನು ಮಕ್ಕಳು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಬಹಳ.

ಸಂಜೆಗೆ ನೀರಿನ ಗೊಂಬೆಯಾಟ. ಕೆಂಪು ನದಿಯ ಬಯಲಿನ ಗದ್ದೆಗಳಲ್ಲಿ ಹುಟ್ಟಿದ ಆಟ, ಬಿದಿರು ಪರದೆಯ ಹಿಂದೆ ಸೊಂಟದುದ್ದ ನೀರಿನಲ್ಲಿ ನಿಂತು ಆಡಿಸುತ್ತಾರೆ. ಭಾಷೆ ಬೇಕಾಗಿಲ್ಲ. ಟಿಕೆಟ್ ಬೆಳಗ್ಗೆಯೇ ತೆಗೆದುಕೊಳ್ಳಿ.

ನಮ್ಮದು ಸಣ್ಣ ಕಾಫಿ ತೋಟ. ಹನೋಯಿಯಿಂದ ಕಾಫಿ ತರಬಹುದೇ? ಉಳಿದ ಹಣ ಏನು ಮಾಡುವುದು?
— ಕೊಪ್ಪ

ಪುಡಿ ತನ್ನಿ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಹೆಚ್ಚು ಕಾಫಿ ಬೆಳೆಯುವವರು ಅವರೇ, ಬಹುಪಾಲು ರೊಬಸ್ಟಾ. ಲೋಟದ ಮೇಲೆ ಸಣ್ಣ ತಗಡಿನ ಫಿಲ್ಟರ್ ಇಟ್ಟು ಹನಿ ಹನಿ ಇಳಿಸಿ ಗಟ್ಟಿಹಾಲು ಬೆರೆಸುತ್ತಾರೆ; ಆ ಫಿಲ್ಟರ್ ಹಗುರ, ಅಗ್ಗ, ಮನೆಗೆ ತರಲು ಒಳ್ಳೆಯದು. ಹನೋಯಿಯ ಹೆಸರಾಂತ ‘ಮೊಟ್ಟೆ ಕಾಫಿ’ಯಲ್ಲಿ ನಿಜವಾಗಿಯೂ ಮೊಟ್ಟೆಯ ಹಳದಿ ಇರುತ್ತದೆ, 1946ರಲ್ಲಿ ಹಾಲು ಸಿಗದ ಕಾಲಕ್ಕೆ ಹುಟ್ಟಿದ್ದು. ಸಸ್ಯಾಹಾರಿಗಳಿಗೆ ಹೇಳಿಡಿ.

ಡಾಂಗ್ ನೋಟನ್ನು ಊರಿಗೆ ತಂದರೆ ಇಲ್ಲಿ ಬದಲಾಯಿಸುವುದು ಕಷ್ಟ. ಅಲ್ಲೇ ಖರ್ಚು ಮಾಡಿ. ಇಪ್ಪತ್ತು ಸಾವಿರದ ನೋಟೂ ಐದು ಲಕ್ಷದ ನೋಟೂ ಎರಡೂ ನೀಲಿ ಬಣ್ಣ. ಸಂಜೆ ಬೆಳಕಿನಲ್ಲಿ ಅವಸರದಿಂದ ಕೊಡಬೇಡಿ; ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ.

ನಾದಿನಿ ಒಬ್ಬಳೇ, ಹೋದ ವರ್ಷ ಗಂಡ ತೀರಿಕೊಂಡರು. ನಮ್ಮ ಬಲವಂತಕ್ಕೆ ಪ್ರವಾಸಕ್ಕೆ ಒಪ್ಪಿದ್ದಾಳೆ. ತಂಡಗಳಾಗಿ ಒಡೆದರೆ ಅವಳು ರೂಮಿನಲ್ಲೇ ಉಳಿದುಬಿಡುತ್ತಾಳೆ ಅಂತ ಹೆದರಿಕೆ.
— ಹೊಸನಗರ

ಅರ್ಧ ದಿನ ರೂಮಿನಲ್ಲಿ ಉಳಿಯಬೇಕೆಂದರೆ ಉಳಿಯಲಿ. ವಾರವಿಡೀ ಬಸ್ಸಿನಲ್ಲಿ ಎಲ್ಲರ ಎದುರು ನಗುತ್ತಾ ಕೂತವರಿಗೆ ಬಾಗಿಲು ಹಾಕಿಕೊಳ್ಳುವ ಹೊತ್ತೂ ಬೇಕು. ಉಳಿದರ್ಧ ದಿನ ನೀವೊಬ್ಬರೇ ಅವರ ಜೊತೆ ಇರಿ. ಅತ್ತಿಗೆ ನಾದಿನಿ ಇಬ್ಬರೇ, ಬೇರೆ ಯಾರೂ ಬೇಡ. ಮಹಿಳೆಯರ ಮ್ಯೂಸಿಯಂ ಹೋಆನ್ ಕೀಮ್ ಕೆರೆಯಿಂದ ದೂರವಿಲ್ಲ. ಮದುವೆ, ಬಾಣಂತನ, ಗದ್ದೆ ಕೆಲಸ, ಯುದ್ಧ, ಬೀದಿಯಲ್ಲಿ ಬುಟ್ಟಿ ಹೊತ್ತು ಮಾರುವ ಹೆಂಗಸರ ಬದುಕು ಎಲ್ಲವನ್ನೂ ಮಹಡಿ ಮಹಡಿಯಾಗಿ ಇಟ್ಟಿದ್ದಾರೆ. ನಿಧಾನವಾಗಿ ನೋಡಿ, ಅವರು ಮಾತಾಡಿದರೆ ಕೇಳಿಸಿಕೊಳ್ಳಿ, ಇಲ್ಲದಿದ್ದರೆ ಬೇಡ. ಗುಂಪಿನಲ್ಲಿ ಯಾರಾದರೂ ‘ಪಾಪ, ಅವರನ್ನೂ ಕರೀರಿ’ ಅಂತ ಎಲ್ಲರೆದುರು ಕೂಗದಂತೆ ನೋಡಿಕೊಳ್ಳಿ. ನಿಮ್ಮ ಪತ್ರದಲ್ಲಿ ಅವರ ಮೇಲಿನ ಅಕ್ಕರೆ ಕಾಣುತ್ತದೆ, ಅದಕ್ಕೇ ಇಷ್ಟು ಸಲಿಗೆಯಿಂದ ಬರೆದೆ.

ವಿಮಾನ ರಾತ್ರಿ ಹನ್ನೊಂದೂವರೆಗೆ. ಹೋಟೆಲ್ ಮಧ್ಯಾಹ್ನ ಹನ್ನೆರಡಕ್ಕೇ ಬಿಡಬೇಕು. ಪೆಟ್ಟಿಗೆಗಳ ಗತಿ?
— ಶಿವಮೊಗ್ಗ

ಪೆಟ್ಟಿಗೆಗಳನ್ನು ಹೋಟೆಲಿನ ಕೌಂಟರಿನಲ್ಲೇ ಸಂಜೆಯವರೆಗೆ ಇಟ್ಟುಕೊಳ್ಳುತ್ತಾರೆ, ಚೀಟಿ ಕೇಳಿ ಪಡೆಯಿರಿ. ವಯಸ್ಸಾದವರಿಗಾಗಿ ಇಡೀ ಗುಂಪಿಗೆ ಒಂದೆರಡು ರೂಮು ಸಂಜೆಯವರೆಗೆ ಉಳಿಸಿಕೊಂಡರೆ ಹಂಚಿಕೊಂಡಾಗ ಖರ್ಚು ಹೊರೆಯಾಗುವುದಿಲ್ಲ. ಸ್ನಾನ ಮಾಡಿ ಸೊಂಟ ಚಾಚಿ ಹೊರಡಬಹುದು. ನೋಯ್ ಬಾಯ್ ವಿಮಾನ ನಿಲ್ದಾಣ ಊರಿನಿಂದ ಇಪ್ಪತ್ತೈದು, ಮೂವತ್ತು ಕಿಲೋಮೀಟರ್. ಸಂಜೆ ಐದರಿಂದ ಏಳರವರೆಗೆ ರಸ್ತೆ ತುಂಬಾ ಬೈಕುಗಳು. ಏಳು ಗಂಟೆಗೆಲ್ಲ ಬಸ್ ಹೊರಡಲಿ. ಕೆಲವು ಹೋಟೆಲುಗಳಲ್ಲಿ ಹೆಸರು ನೋಂದಾಯಿಸಲು ಪಾಸ್‌ಪೋರ್ಟ್ ತೆಗೆದುಕೊಂಡು ಕೌಂಟರಿನಲ್ಲೇ ಇಟ್ಟುಕೊಳ್ಳುತ್ತಾರೆ. ಹಿಂದಿನ ರಾತ್ರಿಯೇ ಎಲ್ಲರದ್ದೂ ವಾಪಸ್ ತೆಗೆದುಕೊಂಡು, ಹೆಸರು ಕರೆದು ಒಬ್ಬೊಬ್ಬರ ಕೈಗೇ ಕೊಡಿ.